ಮಾತ್ರೆ ಬಿಟ್ಟ ಮೇಲಿನ ವಾರಗಳು

ಉಂಡದ್ದನ್ನು ಹೊರಹಾಕಿ ಸಣ್ಣಗಾಗಬೇಕೆಂದು ದಿನವೂ ಭೇದಿ ಮಾತ್ರೆ ನುಂಗುವವರಿಗೆ 'ಇವತ್ತೇ ನಿಲ್ಲಿಸಿ' ಎಂದುಬಿಡುವುದು ಸುಲಭ. ಮಾತು ಸರಿಯೇ. ಆದರೆ ಅಷ್ಟಕ್ಕೇ ಮುಗಿಯುವ ಚಿಕಿತ್ಸೆ ಅರ್ಧ ಚಿಕಿತ್ಸೆ.

ಮೊದಲಿಗೆ, ಈ ಮಾತ್ರೆಯ ಮೇಲಿನ ನಂಬಿಕೆಯೇ ಸುಳ್ಳು. ಆಹಾರದ ಸಾರವನ್ನು ದೇಹ ಬಹುಪಾಲು ಹೀರಿಕೊಳ್ಳುವುದು ಸಣ್ಣಕರುಳಿನಲ್ಲಿ. ಸೋನಾಮುಖಿ, ಬಿಸಾಕೋಡಿಲ್ ಕೆರಳಿಸುವುದು ದೊಡ್ಡಕರುಳನ್ನು. 1983ರಲ್ಲಿ ಅಮೆರಿಕದ ವೈದ್ಯರು ಅಳೆದು ನೋಡಿದಾಗ, ಲೀಟರುಗಟ್ಟಲೆ ಭೇದಿಯಾದರೂ ಮೈಗೆ ಸೇರುವ ಕ್ಯಾಲರಿ ತಗ್ಗಿದ್ದು ಸುಮಾರು ಶೇ. 12ರಷ್ಟೇ. ತಕ್ಕಡಿಯಲ್ಲಿ ಇಳಿದದ್ದು ನೀರಿನ ತೂಕ. ನೀರಿನ ಜೊತೆ ಪೊಟ್ಯಾಸಿಯಂ ಹೋಗುತ್ತದೆ. ಅದು ತೀರ ಕುಸಿದರೆ ಎದೆಬಡಿತ ಲಯ ತಪ್ಪಿ ಪ್ರಾಣಕ್ಕೇ ಕುತ್ತು.

ಪದೇಪದೇ ನೀರು ಕಳೆದುಕೊಂಡ ದೇಹ ಆಲ್ಡೋಸ್ಟೀರಾನ್ ಹಾರ್ಮೋನನ್ನು ಹೆಚ್ಚಿಸಿಕೊಂಡು ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತದೆ. ಮಾತ್ರೆ ನಿಂತ ಕೂಡಲೇ ಆ ಹಿಡಿತ ಸಡಿಲುವುದಿಲ್ಲ. ಕಾಲು ಊದುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮಲ ಕಟ್ಟುತ್ತದೆ, ತೂಕ ಏರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿದುಹೋಗುವ ಈ ನೀರನ್ನು ಕೊಬ್ಬೆಂದೇ ಭಾವಿಸಿ ಕಂಗಾಲಾದವರು ಮತ್ತೆ ಔಷಧದಂಗಡಿಗೆ ಓಡುತ್ತಾರೆ. ಅವರನ್ನು ಹಟಮಾರಿಗಳೆನ್ನುವುದು ಅನ್ಯಾಯ. ಹೀಗಾಗುತ್ತದೆಂದು ಮುಂಚೆಯೇ ತಿಳಿಸದಿದ್ದರೆ ತಪ್ಪು ಚಿಕಿತ್ಸೆಯದು.

ಒಳ್ಳೆಯ ಚಿಕಿತ್ಸೆ ರಕ್ತ ಪರೀಕ್ಷೆಯಿಂದ ಶುರುವಾಗುತ್ತದೆ. ಕುಸಿದ ಪೊಟ್ಯಾಸಿಯಂ ತುಂಬಿಸುತ್ತದೆ. ಕೆರಳಿಸುವ ಮಾತ್ರೆ ಬಿಡಿಸಿ, ಬೇಕಾದರೆ ಮಲವನ್ನು ಮೆದುವಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್‌ನಂಥದ್ದನ್ನು ಅಳತೆಯಲ್ಲಿ ಕೊಡುತ್ತದೆ. ಊತ ಹೆಚ್ಚುವಂತಿದ್ದರೆ ವೈದ್ಯರು ಸ್ಪೈರನೋಲ್ಯಾಕ್ಟೋನ್ ಬಳಸುವುದೂ ಉಂಟು. ಹೊತ್ತುಹೊತ್ತಿನ ಊಟ, ತೂಕದ ಭಯವನ್ನು ಬಿಡಿಸಿ ನೋಡುವ ಮನೋಚಿಕಿತ್ಸೆ ಇವುಗಳ ಜೊತೆಗೇ ನಡೆಯಬೇಕು. ಭಯ ಉಳಿದರೆ ಮಾತ್ರೆಯೂ ಮರಳುತ್ತದೆ.

2020ರಲ್ಲಿ ಬ್ರಿಟನ್ ಸಾಮಾನ್ಯ ಅಂಗಡಿಗಳಲ್ಲಿ ಇಂಥ ಔಷಧದ ಪೊಟ್ಟಣವನ್ನು 20 ಮಾತ್ರೆಗೆ ಮಿತಿಗೊಳಿಸಿ, ಅದನ್ನು 18 ದಾಟಿದವರ ಬಳಕೆಗೆ ಮಾತ್ರ ಎಂದಿತು. ಮೆಚ್ಚಬೇಕಾದ ಹೆಜ್ಜೆ, ಆದರೆ ಅಂಗಡಿಯ ಬಾಗಿಲಿಗೇ ನಿಲ್ಲುವ ಹೆಜ್ಜೆ. ನಮ್ಮಲ್ಲಿ ಸೋನಾಮುಖಿ 'ಹೊಟ್ಟೆ ಶುದ್ಧಿ'ಯ ಪುಡಿಯಾಗಿ, ಚಹಾ ಆಗಿ ಸಿಗುತ್ತದೆ. ಗಿಡಮೂಲಿಕೆ ಎಂದಮಾತ್ರಕ್ಕೆ ಅಪಾಯ ಕಡಿಮೆಯಾಗದು.

ಮನೆಯಲ್ಲಿ ಯಾರಾದರೂ ಈ ಸುಳಿಗೆ ಸಿಕ್ಕಿದ್ದರೆ ಗದರಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ, ತಕ್ಕಡಿಯನ್ನು ಅಟ್ಟಕ್ಕೇರಿಸಿ, 'ಇದು ನೀರು, ಇಳಿಯುತ್ತದೆ' ಎಂದು ದಿನವೂ ಧೈರ್ಯ ಹೇಳಿ. ಮಾತಾಡಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.