ನೆಲದ ಚಿತ್ರ ನೆಲದಲ್ಲೇ ಇರಲಿ

ಎರಡನೇ ಮಹಾಯುದ್ಧದ ನಂತರದ ನ್ಯೂಯಾರ್ಕ್ ಚಿತ್ರಕಾರರ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಆದರೆ ಮೊನ್ನೆ ಬೆಳಿಗ್ಗೆ ವಡೋದರಾದ ಮಾಂಡವಿ ಹತ್ತಿರದ ಓಣಿಯೊಂದರಲ್ಲಿ ಮರಾಠಿ ಮನೆಯ ಅಜ್ಜಿಯೊಬ್ಬರು ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ರಂಗೋಲಿ ಎಳೆಯುತ್ತಿದ್ದರು. ಹೆಬ್ಬೆರಳು, ತೋರುಬೆರಳ ಸಂದಿಯಿಂದ ಪುಡಿ ಇಳಿಯುತ್ತಿತ್ತು. ಬೆರಳು ನೆಲಕ್ಕೆ ತಾಗುತ್ತಿರಲಿಲ್ಲ, ಗೆರೆ ಎಲ್ಲೂ ಮುರಿಯುತ್ತಿರಲಿಲ್ಲ. ಹಾಲಿನವನ ಸ್ಕೂಟರ್ ಬಂದು ಒಂದು ಮೂಲೆಯನ್ನು ಒರೆಸಿಕೊಂಡು ಹೋಯಿತು. ಅಜ್ಜಿ ತಲೆ ಎತ್ತಲಿಲ್ಲ. ಅಲ್ಲಿಂದಲೇ ಶುರುಮಾಡುತ್ತೇನೆ.

ಆ ನ್ಯೂಯಾರ್ಕ್ ಚಿತ್ರಕಾರರಲ್ಲೊಬ್ಬನಾದ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಸುರಿದ ಕಥೆ ಈ ಅಂಕಣದ ಓದುಗರಿಗೆಲ್ಲ ಗೊತ್ತು. ಆ ಕಥೆಯ ಹಿಂದಿನವರನ್ನು ಮಾತ್ರ ನಾವು ಮರೆಯುತ್ತೇವೆ. 1936ರಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೇರೋಸ್ ನ್ಯೂಯಾರ್ಕಿನಲ್ಲಿ ಕಾರ್ಯಾಗಾರ ನಡೆಸಿದಾಗ ಪೊಲಾಕ್ ಅಲ್ಲಿದ್ದ. ಬಣ್ಣ ಸುರಿಯುವ, ಎರಚುವ ಪ್ರಯೋಗಗಳನ್ನು ಅಲ್ಲಿ ಕಂಡ. 1941ರಲ್ಲಿ ಅದೇ ನಗರದ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅಮೆರಿಕದ ಮೂಲನಿವಾಸಿಗಳ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಆ ಮೂಲನಿವಾಸಿಗಳಲ್ಲಿ ಒಂದು ಬಣವಾದ ನವಾಹೊ ಜನ ಅಲ್ಲಿನ ನೆಲದ ಮೇಲೆ ಮರಳಿನಲ್ಲಿ ಚಿತ್ರ ಬರೆದು ತೋರಿಸಿದರು. ತಾನು ನೆಲದ ಮೇಲೆ ಕೆಲಸ ಮಾಡುವುದು ಅವರ ರೀತಿಗೆ ಹತ್ತಿರವಾದದ್ದು ಎಂದು ಪೊಲಾಕ್ ಮುಂದೆ ತಾನೇ ಬರೆದ.

ನವಾಹೊ ಮರಳ ಚಿತ್ರ ರೋಗಿಗಾಗಿ ಬರೆಯುವಂಥದ್ದು. ಮಂತ್ರ ಹಾಡುವವನ ನಿಗಾದಲ್ಲಿ ಪುಡಿಮಾಡಿದ ಬಣ್ಣದ ಕಲ್ಲು, ಇದ್ದಿಲು, ಪರಾಗವನ್ನು ಬೆರಳ ಸಂದಿಯಿಂದ ಇಳಿಸಿ ದೇವತೆಗಳನ್ನು ಮೂಡಿಸುತ್ತಾರೆ. ಚಿತ್ರದ ಸುತ್ತ ಕಾವಲು ಗೆರೆ ಇರುತ್ತದೆ, ಪೂರ್ವ ದಿಕ್ಕಿಗೆ ಮಾತ್ರ ಬಾಗಿಲು. ರೋಗಿ ಚಿತ್ರದ ಮೇಲೆಯೇ ಕೂರುತ್ತಾನೆ. ವಿಧಿ ಮುಗಿದ ಮೇಲೆ ಅದನ್ನು ಕೆಡಿಸಿಬಿಡುತ್ತಾರೆ. ಮಾರಾಟಕ್ಕೆಂದು ಹಲಗೆಯ ಮೇಲೆ ಅಂಟಿಸಿ ಬರೆಯುವಾಗ ಬೇಕೆಂದೇ ಬಣ್ಣವನ್ನೋ ವಿವರವನ್ನೋ ಬದಲಿಸುತ್ತಾರೆ, ದೇವತೆಯನ್ನು ಅಂಗಡಿಗೆ ಕರೆಯಬಾರದೆಂದು.

ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಉಡುಪಿ ಸೀಮೆಯ ನಾಗಮಂಡಲ. ಬಿಳಿ ಪುಡಿ, ಹಳದಿಗೆ ಅರಿಶಿನ, ಕೆಂಪಿಗೆ ಅರಿಶಿನ ಸುಣ್ಣ, ಹಸಿರಿಗೆ ಎಲೆಪುಡಿ, ಕಪ್ಪಿಗೆ ಸುಟ್ಟ ಉಮಿ. ಗಂಟುಗಂಟಾಗಿ ಸುತ್ತಿಕೊಂಡ ಸರ್ಪವನ್ನು ವೈದ್ಯರೆಂಬ, ಮಂಡಲ ಬರೆಯುವ ಮನೆತನದವರು ಗಂಟೆಗಟ್ಟಲೆ ಕೂತು ಬರೆಯುತ್ತಾರೆ. ರಾತ್ರಿಯಿಡೀ ನಾಗ ಮೈದುಂಬುವ ಪಾತ್ರಿ ಮತ್ತು ನಾಗಕನ್ನಿಕೆಯ ಕುಣಿತ. ಬೆಳಗಾಗುವ ಹೊತ್ತಿಗೆ ಮಂಡಲ ಅಳಿದಿರುತ್ತದೆ, ಅದರ ಪುಡಿ ಭಕ್ತರ ಕೈಯಲ್ಲಿ ಪ್ರಸಾದವಾಗಿರುತ್ತದೆ. ಸಾಗರದಾಚೆಯ ಒಣ ಸೀಮೆಗೂ ನಮ್ಮ ಕರಾವಳಿಗೂ ನಂಟು ಹೆಣೆಯುವ ಉದ್ದೇಶ ನನಗಿಲ್ಲ. ಕೈಯ ಶಿಸ್ತು, ಅಳಿಸುವ ಧೈರ್ಯ ಎರಡೂ ಕಡೆ ಒಂದೇ.

ಈಗ ಒಂದು ಹಳೆಯ ಲೆಕ್ಕ. ನಮ್ಮ ಆಧುನಿಕ ಕಲೆಯೆಲ್ಲ ಪಶ್ಚಿಮದ ನಕಲು ಎನ್ನುವ ವಿಮರ್ಶಕರ ಒಂದು ಪಂಥವೇ ಇದೆ. ‘ಎರಡು ದಶಕಗಳ ಅಮೆರಿಕನ್ ಚಿತ್ರಕಲೆ’ ಪ್ರದರ್ಶನ 1967ರಲ್ಲಿ ದೆಹಲಿಗೆ ಬಂದದ್ದನ್ನೇ ಅವರು ಯುಗಾದಿ ಎಂಬಂತೆ ಹೇಳುತ್ತಾರೆ. ಅದೇ 1967ರಲ್ಲಿ ವಡೋದರಾದಲ್ಲಿ ಏನಾಯಿತೆಂದು ಅವರು ಕೇಳುವುದಿಲ್ಲ.

ವಡೋದರಾದ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಶುರುವಾಯಿತು. ಅಲ್ಲಿ ಬೇಂದ್ರೆ (ಇಂದೋರಿನ ನಾರಾಯಣ ಶ್ರೀಧರ ಬೇಂದ್ರೆ, ನಮ್ಮ ಧಾರವಾಡದವರಲ್ಲ) ಮತ್ತು ಕೆ.ಜಿ. ಸುಬ್ರಮಣ್ಯನ್ ಅವರ ಕೈಕೆಳಗೆ ಕಲಿತ ಕಲಾವಿದ ಜ್ಯೋತಿ ಭಟ್, ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ 1964ರಿಂದ 66ರವರೆಗೆ ಮುದ್ರಣಕಲೆ ಅಭ್ಯಾಸ ಮಾಡಿ ಮರಳಿದರು. ಮರುವರ್ಷ ಭಾರತೀಯ ವಿದ್ಯಾಭವನದ ವಿಚಾರಸಂಕಿರಣಕ್ಕಾಗಿ ಗುಜರಾತಿನ ಜನಪದ ಕಲೆಯ ಫೋಟೋ ತೆಗೆಯಲು ಹೊರಟರು. ಆ ಹುಚ್ಚು ದಶಕಗಟ್ಟಲೆ ಇಳಿಯಲಿಲ್ಲ. ಶಿಲ್ಪಿ ರಾಘವ್ ಕನೇರಿಯಾ ಹಲವು ಸಲ ಜೊತೆಗಿದ್ದರು. ಮಣ್ಣಿನ ಗೋಡೆ, ರಂಗೋಲಿಯ ಅಂಗಳ, ಹಚ್ಚೆಯ ತೋಳು ಎಲ್ಲವೂ ಅವರ ಕ್ಯಾಮೆರಾಕ್ಕೆ ಬಂದವು.

ಪೊಲಾಕ್ ನೆಲದ ಚಿತ್ರವನ್ನು ಎತ್ತಿ ಗೋಡೆಗೆ ತೂಗುಹಾಕಿದ. ಮನೆ, ಬರೆದವರು, ಯಾತಕ್ಕೆ ಬರೆದರು ಎಂಬುದು ಎಲ್ಲವೂ ಅಲ್ಲಿ ಕಳಚಿಬಿದ್ದವು. ಜ್ಯೋತಿ ಭಟ್ ಅದನ್ನು ಇದ್ದಲ್ಲೇ ಬಿಟ್ಟರು. ಅವರ ಫೋಟೋಗಳಲ್ಲಿ ಚಿತ್ರದ ಪಕ್ಕ ಅದನ್ನು ಬರೆದ ಹೆಂಗಸು ಇದ್ದಾಳೆ, ಬಾಗಿಲಿದೆ, ಮಗುವಿದೆ. ಪೊಲಾಕನ ಕ್ಯಾನ್ವಾಸುಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಇವೆರಡರಲ್ಲಿ ದೊಡ್ಡ ಕೆಲಸ ಯಾವುದೆಂದು ಕೇಳಿದರೆ, ಜ್ಯೋತಿ ಭಟ್ಟರದೇ ಎನ್ನುತ್ತೇನೆ.

ಆ ಛಾಯಾಚಿತ್ರಗಳ ಸಂಗ್ರಹ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿಯಲ್ಲಿದೆ. ಬೆಂಗಳೂರಿನ ಓದುಗರು ಅಲ್ಲಿಗೆ ಹೋದಾಗ ಜ್ಯೋತಿ ಭಟ್ಟರ ಹೆಸರು ಹೇಳಿ ಕೇಳಿ, ನೋಡಿ.