ಅರಿಸ್ಟಾಟಲನಿಗೂ ಮೊದಲು

ಕ್ರಿ.ಪೂ. 494ರಲ್ಲಿ ಪರ್ಷಿಯದ ಸೇನೆ ಮಿಲೆಟಸ್ ನಗರವನ್ನು ಹಾಳುಗೆಡವಿತು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಆ ಗ್ರೀಕ್ ಊರು ಥೇಲೀಸ್, ಅನಾಕ್ಸಿಮಾಂಡರ್, ಅನಾಕ್ಸಿಮಿನೀಸರ ತವರು. ಜಗತ್ತು ಯಾವುದರಿಂದ ಆಗಿದೆ ಎಂಬ ಪ್ರಶ್ನೆಗೆ ದೇವತೆಗಳ ಕಥೆ ಹೇಳದೆ ಉತ್ತರ ಹುಡುಕಿದ ಮೊದಲ ಗ್ರೀಕರು ಅವರು. ಊರು ಬಿದ್ದ ಸ್ವಲ್ಪ ಕಾಲಕ್ಕೆ ಅಥೆನ್ಸಿನ ಕವಿ ಫ್ರಿನಿಕಸ್ ಆ ಪತನವನ್ನೇ ನಾಟಕ ಮಾಡಿ ಆಡಿಸಿದ. ನೆರೆದವರೆಲ್ಲ ಅತ್ತುಬಿಟ್ಟರು ಎನ್ನುತ್ತಾನೆ ಇತಿಹಾಸಕಾರ ಹೆರೊಡೊಟಸ್. ನಮ್ಮದೇ ಸಂಕಟವನ್ನು ನಮಗೆ ನೆನಪಿಸಿದೆ ಎಂದು ನಗರ ಕವಿಗೆ ಸಾವಿರ ದ್ರಾಕ್ಮಾ ದಂಡ ಹಾಕಿತು. ಆ ನಾಟಕವನ್ನು ಇನ್ನು ಯಾರೂ ಆಡಕೂಡದೆಂದು ಆಜ್ಞೆಯನ್ನೂ ಮಾಡಿತು.

ತತ್ತ್ವಚಿಂತನೆ ಹುಟ್ಟಿದ ಊರಿನ ನಾಶವೇ ರಂಗಕ್ಕೆ ಬಂದು, ರಂಗ ನಗರಸಭೆಯ ಮುಂದೆ ಅಪರಾಧಿಯಾಗಿ ನಿಂತ ಈ ಘಟನೆ ನಮ್ಮ ಪಠ್ಯಪುಸ್ತಕಗಳ ಕ್ರಮಕ್ಕೆ ಒಗ್ಗುವುದಿಲ್ಲ. ಅಲ್ಲಿ ಮೊದಲು ಮಹಾಕಾವ್ಯ, ಅನಂತರ ಭಾವಗೀತೆ, ಅನಂತರ ನಾಟಕ, ಕೊನೆಗೆ ತತ್ತ್ವಶಾಸ್ತ್ರ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಗ್ರೀಕ್ ಪರಂಪರೆಯ ಜೀವಾಳ ಈ ಸಾಲಿನಲ್ಲಿಲ್ಲ, ಇವುಗಳ ನಡುವೆ ನಡೆದ ಜಗಳದಲ್ಲಿದೆ. ಆ ಜಗಳ ತಣ್ಣಗಾದ ಮೇಲೆ ಬಂದ ಅರಿಸ್ಟಾಟಲನ ಕಣ್ಣಿನಿಂದಲೇ ನಾವು ಎಲ್ಲವನ್ನೂ ನೋಡಿದ್ದರಿಂದ ಬಹಳಷ್ಟು ಕಳೆದುಕೊಂಡಿದ್ದೇವೆ.

ಹೋಮರನಿಂದಲೇ ನೋಡಿ. ‘ಇಲಿಯಡ್’ ಶುರುವಾಗುವುದು ಸೇನೆಯ ಸಭೆಯಲ್ಲಿ, ದೊರೆಯ ಮುಖಕ್ಕೆ ಹೊಡೆದಂತೆ ಮಾತಾಡುವ ವೀರನಿಂದ. ಹದಿನೈದು ಸಾವಿರ ಸಾಲು ಮೀರುವ ಆ ಕಾವ್ಯ ಬಾಯಿಂದ ಬಾಯಿಗೆ ಸಾಗಿದ ಹಾಡುಗಾರರ ಕಸುಬಿನಿಂದ ಬಂದದ್ದೆಂಬುದನ್ನು 1930ರ ದಶಕದಲ್ಲಿ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಜೀವಂತ ಹಾಡುಗಾರರ ನಡುವೆ ಕೂತು ತೋರಿಸಿಕೊಟ್ಟ. ಗ್ರೀಕರಿಗೆ ಅದು ಪಾಠವೂ ಹೌದು, ಪ್ರಮಾಣವೂ ಹೌದು. ಆದರೆ ಕ್ರಿ.ಪೂ. ಆರನೇ ಶತಮಾನದಲ್ಲೇ ಚಿಂತಕ ಕ್ಸೆನೊಫೆನೀಸ್ ಎದ್ದುನಿಂತ: ಕಳ್ಳತನ, ಹಾದರ, ಮೋಸವನ್ನೆಲ್ಲ ಹೋಮರ್ ಮತ್ತು ಹೆಸಿಯಡ್ ದೇವರ ತಲೆಗೆ ಕಟ್ಟಿದ್ದಾರೆ, ಕುದುರೆಗೆ ಕೈಯಿದ್ದಿದ್ದರೆ ಅದು ಕುದುರೆಯಂಥ ದೇವರನ್ನೇ ಬರೆಯುತ್ತಿತ್ತು ಎಂಬುದು ಅವನ ವಾದ. ಇದನ್ನು ಅವನು ಹೇಳಿದ್ದೂ ಪದ್ಯದಲ್ಲೇ. ಕವಿಯ ಮೇಲೆ ದಾಳಿ ಮಾಡಲು ಕವಿಯ ಆಯುಧವನ್ನೇ ಎತ್ತಿಕೊಳ್ಳುವ ಈ ಚಾಳಿ ಪ್ಲೇಟೋವರೆಗೂ ಬರುತ್ತದೆ.

ಈ ಜಗಳಕ್ಕೆ ಅಂಗಳ ಒದಗಿಸಿದ್ದು ಅಥೆನ್ಸ್. ಪ್ರತಿ ವಸಂತದಲ್ಲಿ ಡಯೊನಿಸಸ್ ದೇವರ ಹಬ್ಬ. ಮೂವರು ಕವಿಗಳ ಸ್ಪರ್ಧೆ; ಒಬ್ಬೊಬ್ಬನಿಂದ ಮೂರು ರುದ್ರನಾಟಕ, ಜೊತೆಗೊಂದು ಸ್ಯಾಟಿರ್ ಪ್ರಹಸನ. ಮೇಳದ ಖರ್ಚನ್ನು ಹೊರಬೇಕಾದವನು ಒಬ್ಬ ಸಿರಿವಂತ. ಅದು ಅವನ ಮೇಲೆ ನಗರ ಹೇರಿದ ಕರ್ತವ್ಯ. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಮಿತ್ರನಗರಗಳು ತಂದ ಕಪ್ಪಕಾಣಿಕೆಯ ಪ್ರದರ್ಶನ, ಯುದ್ಧದಲ್ಲಿ ಸತ್ತವರ ಮಕ್ಕಳ ಮೆರವಣಿಗೆ ಎಲ್ಲ ಇದೇ ರಂಗದ ಮೇಲೆ. ಸಾಮ್ರಾಜ್ಯ ತನ್ನ ಬೆನ್ನು ತಾನೇ ತಟ್ಟಿಕೊಂಡ ಜಾಗದಲ್ಲೇ ಅದರ ಬೆನ್ನಿಗೆ ಬಾರಿಸುವ ನಾಟಕವೂ ನಡೆಯುತ್ತಿತ್ತು.

ರುದ್ರನಾಟಕದ ಕವಿ ಈಸ್ಕಿಲಸ್ ಪರ್ಷಿಯದ ವಿರುದ್ಧ ಮ್ಯಾರಥಾನಿನಲ್ಲಿ ಕತ್ತಿ ಹಿಡಿದವನು. ಅವನ ತಮ್ಮನೋ ಅಣ್ಣನೋ ಅಲ್ಲೇ ಸತ್ತ. ಅಂಥವನು ಸಲಾಮಿಸ್ ಯುದ್ಧ ಮುಗಿದ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ‘ಪಾರಸಿಕರು’ ಬರೆದ. ಕಥೆ ನಡೆಯುವುದು ಶತ್ರುವಿನ ಅರಮನೆಯಲ್ಲಿ. ರಂಗದ ಮೇಲೆ ಒಬ್ಬ ಗ್ರೀಕನಿಲ್ಲ, ಅಳುವವರೆಲ್ಲ ಸೋತವರು. ಆ ಮೇಳದ ಖರ್ಚು ಕೊಟ್ಟವನು ಮುಂದೆ ಅಥೆನ್ಸಿನ ಮುಂದಾಳಾದ, ಆಗಿನ್ನೂ ಎಳೆಯನಾಗಿದ್ದ ಪೆರಿಕ್ಲೀಸ್. ಕ್ರಿ.ಪೂ. 458ರ ‘ಒರೆಸ್ಟಿಯ’ ತ್ರಿವಳಿ ನಾಟಕ ಇನ್ನೂ ಮುಂದೆ ಹೋಯಿತು. ಕೊಲೆಗೆ ಕೊಲೆಯೇ ಉತ್ತರವಾದ ಒಂದು ಮನೆತನದ ಕಥೆ ಕೊನೆಗೆ ಅಥೆನ್ಸಿನ ಅರಿಯೊಪಾಗಸ್ ನ್ಯಾಯಸ್ಥಾನಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ನಾಲ್ಕೇ ವರ್ಷದ ಹಿಂದೆ ಅದೇ ಅರಿಯೊಪಾಗಸ್ಸಿನ ಅಧಿಕಾರವನ್ನು ಪ್ರಜಾಪಕ್ಷ ಮೊಟಕುಗೊಳಿಸಿತ್ತು. ಆ ಸುಧಾರಣೆಯ ಮುಂದಾಳು ಎಫಿಯಾಲ್ಟೀಸನ ಕೊಲೆಯೂ ಆಗಿತ್ತು. ನೋಡುಗರಲ್ಲಿ ಇದು ಯಾರಿಗೂ ಪುರಾಣವಾಗಿ ಕಂಡಿರಲಾರದು. ವಿಚಾರಣೆಯಲ್ಲಿ ಮತಗಳು ಸಮನಾಗಿ ಆ ಮನೆತನದ ಕುಡಿ ಒರೆಸ್ಟಿಸ್ ಬಿಡುಗಡೆಯಾಗುತ್ತಾನೆ. ಸೇಡಿನ ದೇವತೆಗಳಿಗೆ ನಗರದಲ್ಲೇ ಒಂದು ನೆಲೆ ಸಿಗುತ್ತದೆ. ಹೀಗೆ ಹೆಣ ಬೀಳದೆ ಮುಗಿಯುವ ಈ ಮೂರನೆಯ ನಾಟಕ ‘ಯೂಮೆನಿಡೀಸ್’ ಕೂಡ ರುದ್ರನಾಟಕವೇ ಹೌದು.

ಸೊಫೊಕ್ಲಿಸ್ ಸಾಮ್ರಾಜ್ಯದ ಖಜಾನೆ ನೋಡಿಕೊಂಡವನು, ಪೆರಿಕ್ಲೀಸನ ಜೊತೆ ಸೇನಾಪತಿಯಾಗಿದ್ದವನು. ಆಳುವ ಕೈಯ ರುಚಿ ಕಂಡವನಾದ್ದರಿಂದಲೇ ಅವನ ‘ಆಂಟಿಗೊನೆ’ಯ ದೊರೆ ಕ್ರೆಯಾನ್ ಬರೀ ಖಳನಾಗಿಲ್ಲ, ಅವನ ಮೊದಲ ಭಾಷಣ ಯಾವ ಜವಾಬ್ದಾರಿಯುತ ಆಡಳಿತಗಾರನೂ ಒಪ್ಪುವಂಥದ್ದು. ಯೂರಿಪಿಡೀಸ್ ಈ ಇಬ್ಬರಿಗಿಂತ ಒರಟ. ಅಥೆನ್ಸ್ ಮೆಲೋಸ್ ದ್ವೀಪವನ್ನು ಗೆದ್ದು, ಅಲ್ಲಿನ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದ ಕೆಲವೇ ತಿಂಗಳಿಗೆ, ಕ್ರಿ.ಪೂ. 415ರಲ್ಲಿ, ‘ಟ್ರೋಜನ್ ಹೆಂಗಸರು’ ಆಡಿಸಿದ. ಗೆದ್ದವರು ಹಂಚಿಕೊಳ್ಳಲಿರುವ ಹೆಂಗಸರು ಸುಟ್ಟ ಊರಿನ ಮುಂದೆ ಕಾಯುತ್ತಿರುತ್ತಾರೆ. ಮೆಲೋಸಿನ ಹೆಸರಿಲ್ಲ; ಬೇಕಾಗಿಯೂ ಇರಲಿಲ್ಲ. ಎರಡನೇ ಬಹುಮಾನ ಬಂತು. ಅವನದೇ ‘ಮೆಡಿಯ’ಗೆ ಬಂದದ್ದು ಮೂರನೆಯದು, ಎಂದರೆ ಕೊನೆಯದು. ಸೊಫೊಕ್ಲಿಸನ ‘ದೊರೆ ಈಡಿಪಸ್’ ಇದ್ದ ಗುಂಪೂ ತನ್ನ ವರ್ಷದ ಸ್ಪರ್ಧೆಯಲ್ಲಿ ಸೋತಿತು; ಗೆದ್ದವನು ಫಿಲೊಕ್ಲೀಸ್ ಎಂಬವನು. ಅವನ ಒಂದು ನಾಟಕವೂ ಇವತ್ತು ಉಳಿದಿಲ್ಲ.

ಉಳಿದದ್ದರ ಲೆಕ್ಕವೇ ಬೇರೆ ಕಥೆ. ಸೊಫೊಕ್ಲಿಸ್ 120ಕ್ಕೂ ಹೆಚ್ಚು ನಾಟಕ ಬರೆದ. ಪೂರ್ಣವಾಗಿ ನಮ್ಮ ಕೈಗೆ ಬಂದದ್ದು 7. ಈಸ್ಕಿಲಸನದೂ 7. ಮುಂದಿನ ಕಾಲದ ಶಾಲೆಗಳು ಪಾಠಕ್ಕೆಂದು ಆರಿಸಿಕೊಂಡವೇ ಹೆಚ್ಚಾಗಿ ನಕಲಾಗಿ ಉಳಿದವು. ಯೂರಿಪಿಡೀಸನಿಗೆ ಮಾತ್ರ ಅದೃಷ್ಟ ಒಲಿಯಿತು: ಅಕ್ಷರಕ್ರಮದಲ್ಲಿ ಜೋಡಿಸಿದ್ದ ಅವನ ಸಮಗ್ರ ಸಂಪುಟದ ಒಂದು ತುಣುಕು ಹೇಗೋ ದಾಟಿ ಬಂದು 14ನೇ ಶತಮಾನದ ಹಸ್ತಪ್ರತಿಯೊಂದರಲ್ಲಿ ಸೇರಿಕೊಂಡಿತು. ಮೇಷ್ಟರು ಆರಿಸದೆ, ಅಕ್ಷರಮಾಲೆ ಆರಿಸಿದ ಈ ನಾಟಕಗಳಲ್ಲಿ ‘ಹೆಲೆನ್’, ‘ಅಯಾನ್’, ‘ಟಾರಿಸಿನಲ್ಲಿ ಇಫಿಜೀನಿಯ’ ಇವೆ. ಮೂರೂ ಸುಖವಾಗಿ ಮುಗಿಯುತ್ತವೆ. ‘ಹೆಲೆನ್’ ಪ್ರಕಾರ ಟ್ರಾಯ್‌ಗೆ ಹೋದದ್ದು ಬರೀ ಒಂದು ನೆರಳು, ನಿಜವಾದ ಹೆಲೆನ್ ಈಜಿಪ್ಟಿನಲ್ಲಿದ್ದಳು. ಹತ್ತು ವರ್ಷದ ಯುದ್ಧ ನಡೆದದ್ದು ಗಾಳಿಗಾಗಿ. ಸಿಸಿಲಿಯಲ್ಲಿ ಇಡೀ ಸೇನೆಯನ್ನು ಕಳೆದುಕೊಂಡ ಮರುವರ್ಷ ಅಥೆನ್ಸ್ ಇದನ್ನು ನೋಡಿತು. ಸುಖಾಂತದ ಒಳಗೆ ಇಷ್ಟು ಕಹಿ ಇಟ್ಟವನನ್ನು ಯಾವ ಚೌಕಟ್ಟಿಗೆ ಹಾಕುವುದು?

ಅರಿಸ್ಟಾಟಲ್ ಅಥೆನ್ಸಿನವನಲ್ಲ. ಸ್ಟಾಗಿರದಿಂದ ಹದಿನೇಳರ ಹರೆಯದಲ್ಲಿ ಬಂದಾಗ ಸೊಫೊಕ್ಲಿಸ್ ಸತ್ತು ಸುಮಾರು ನಲವತ್ತು ವರ್ಷ ಆಗಿತ್ತು. ಅವನ ‘ಕಾವ್ಯಮೀಮಾಂಸೆ’ ಅಸಾಧಾರಣ ಪುಸ್ತಕ, ಅನುಮಾನವಿಲ್ಲ. ಕವಿತೆಯನ್ನು ತನ್ನ ಗುರು ಪ್ಲೇಟೋ ವಿಧಿಸಿದ ಗಡೀಪಾರಿನಿಂದ ಉಳಿಸಿದ್ದೇ ಅದು. ಆದರೆ ಅದರಲ್ಲಿ ನಗರವಿಲ್ಲ, ಹಬ್ಬವಿಲ್ಲ, ದೇವರು ಹೆಚ್ಚುಕಡಿಮೆ ಇಲ್ಲ, ಯುದ್ಧವಿಲ್ಲ. ದೃಶ್ಯಕ್ಕೆ ಕೊನೆಯ ಸ್ಥಾನ, ಓದಿದರೂ ಸಾಕಂತೆ. 13ನೇ ಅಧ್ಯಾಯದಲ್ಲಿ ಒಳ್ಳೆಯ ಸ್ಥಿತಿಯಿಂದ ಕೇಡಿಗೆ ಜಾರುವ ಕಥೆಯೇ ಉತ್ತಮ ಎಂದವನು, 14ರಲ್ಲಿ ಕೊಲ್ಲುವ ಮುಂಚೆ ಗುರುತು ಸಿಕ್ಕಿ ಕೊಲೆ ತಪ್ಪುವುದೇ ಉತ್ತಮ ಎನ್ನುತ್ತಾನೆ. ಹೊಂದಿಸಲು ವಿದ್ವಾಂಸರು ಬಹಳ ಬೆವರಿದ್ದಾರೆ. ನಮ್ಮ ತರಗತಿಗಳು ಆ ತಾಪತ್ರಯಕ್ಕೇ ಹೋಗದೆ 13ನ್ನು ಇಟ್ಟುಕೊಂಡು 14ನ್ನು ಮರೆತವು. ಅರಿಸ್ಟಾಟಲ್ ಬಳಸಿದ ‘ಹಮಾರ್ಷಿಯಾ’ ಎಂದರೆ ನಾಯಕನ ಸ್ವಭಾವದೋಷ ಎಂಬ ಗಿಣಿಪಾಠ ಉಳಿಯಿತು. ಟ್ರಾಯ್‌ನ ಹೆಂಗಸರ ಸ್ವಭಾವದೋಷ ಯಾವುದು ಎಂದು ಕೇಳಿದರೆ ಈ ಪಾಠಕ್ಕೆ ಬಾಯಿಲ್ಲ.

ಪ್ಲೇಟೋಗೆ ರಂಗದ ಶಕ್ತಿ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹೆದರಿದ. ಅದಕ್ಕೆ ಕಾರಣವೂ ಇತ್ತು. ಕ್ರಿ.ಪೂ. 423ರಲ್ಲಿ ಅರಿಸ್ಟೋಫೆನೀಸ್ ‘ಮೋಡಗಳು’ ಪ್ರಹಸನದಲ್ಲಿ ಪ್ಲೇಟೋವಿನ ಗುರು ಸಾಕ್ರಟೀಸನನ್ನು ಬುಟ್ಟಿಯಲ್ಲಿ ತೂಗುಹಾಕಿ, ಸುಳ್ಳುವಾದ ಕಲಿಸುವ ಕಂತ್ರಿ ಗುರುವಾಗಿ ತೋರಿಸಿದ. ಮರಣದಂಡನೆಯಲ್ಲಿ ಮುಗಿದ 399ರ ವಿಚಾರಣೆಯಲ್ಲಿ ತನ್ನ ಮೇಲೆ ಹಿಂದೆ ಆರೋಪ ಹೊರಿಸಿದವರ ಪೈಕಿ ಒಬ್ಬ ಪ್ರಹಸನಕಾರನಿದ್ದಾನೆಂದು ಪ್ಲೇಟೋ ಬರೆದ ಸಾಕ್ರಟೀಸ್ ನೆನಪಿಸುತ್ತಾನೆ. ಗುರುವನ್ನು ಕಳೆದುಕೊಂಡ ಶಿಷ್ಯ ‘ರಿಪಬ್ಲಿಕ್’ನಲ್ಲಿ ಕವಿಗಳನ್ನು ಊರಾಚೆ ಕಳಿಸಿದ. ಆದರೆ ಬರೆದದ್ದೆಲ್ಲ ಸಂವಾದ. ಪಾತ್ರ, ರಂಗ, ನಗೆ, ಸಾವು ಎಲ್ಲ ಇರುವ ನಾಟಕ. ‘ಸಿಂಪೋಸಿಯಂ’ ನಡೆಯುವುದೇ ರುದ್ರನಾಟಕಕಾರ ಅಗಾಥಾನನ ಗೆಲುವಿನ ಸಂಭ್ರಮದಲ್ಲಿ. ಅರಿಸ್ಟೋಫೆನೀಸನೂ ಅಲ್ಲಿ ಬಿಕ್ಕಳಿಸುತ್ತ ಕೂತಿದ್ದಾನೆ. ಯೂರಿಪಿಡೀಸನ ನಿಜವಾದ ವಾರಸುದಾರ ಪ್ಲೇಟೋ, ಅರಿಸ್ಟಾಟಲ್ ಅಲ್ಲ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಹಾಗೆಂದು ಈ ಅಥೆನ್ಸನ್ನು ತಲೆಮೇಲೆ ಹೊತ್ತು ಕುಣಿಯಬೇಕಿಲ್ಲ. ಮೆಡಿಯಳ ಅಳಲನ್ನು ಬರೆದವನು ಗಂಡಸು, ಮುಖವಾಡ ಹಾಕಿ ಆಡಿದವನು ಗಂಡಸು, ತೀರ್ಪು ಕೊಟ್ಟವರೂ ಗಂಡಸರೇ. ಗುಲಾಮರು ಬೆಳ್ಳಿಗಣಿಯಲ್ಲಿದ್ದರು. ಅಥೆನ್ಸಿನ ಆಚೆ ಸ್ವಂತ ದನಿಯಲ್ಲಿ ಹಾಡಿದ ಕವಯಿತ್ರಿ ಸ್ಯಾಫೊಳ ಕವಿತೆಗಳಲ್ಲಿ ಇಡಿಯಾಗಿ ಉಳಿದದ್ದು ಒಂದೇ ಎನ್ನಬಹುದು.

ಕನ್ನಡಕ್ಕೆ ಈ ಪರಂಪರೆ ಬಂದ ಬಗೆ ಮಾತ್ರ ಹೆಮ್ಮೆಪಡುವಂಥದ್ದು. ಬಿ.ಎಂ.ಶ್ರೀಯವರು ‘ಪಾರಸಿಕರು’ ನಾಟಕವನ್ನು ಕನ್ನಡಿಸಿದರು. ಸೊಫೊಕ್ಲಿಸನ ‘ಏಜಾಕ್ಸ್’ ಅನ್ನು ಮಹಾಭಾರತದೊಳಗೆ ಇಳಿಸಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯೆಂದು ಎಲ್ಲರೂ ನಂಬಿದವನು ಅಲ್ಲಿ ಸಾಯುತ್ತಾನೆ. ಜಗಳ ಕನ್ನಡದಲ್ಲೂ ಎದ್ದಿತು, ಏಳಲೇಬೇಕಿತ್ತು. ಲಂಕೇಶರ ಅನುವಾದದ ‘ಈಡಿಪಸ್’ ಅನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಲ್ಲಿ ಆಡಿಸಿದಾಗ ಅದು ಮತ್ತೆ ಊರಿನ ಮುಂದೆ ಬಂತು. ತರಗತಿ ಮಾಡಲಾಗದ್ದನ್ನು ರಂಗ ಮಾಡಿತ್ತು.

ಸಾಹಿತ್ಯ ಪಾಠ ಹೇಳುವ ಮೇಷ್ಟರಲ್ಲಿ ಒಂದು ಕೋರಿಕೆ. ‘ಈಡಿಪಸ್’ ಪಕ್ಕದಲ್ಲಿ ‘ಯೂಮೆನಿಡೀಸ್’ ಮತ್ತು ‘ಹೆಲೆನ್’ ಇಡಿ. ಮೂರನ್ನೂ ಗಟ್ಟಿಯಾಗಿ ಓದಿಸಿ, ವಾದಕ್ಕೆ ಬಿಡಿ. ‘ಕಾವ್ಯಮೀಮಾಂಸೆ’ಯನ್ನು ಆಮೇಲೆ ತೆಗೆಯಿರಿ, ತೆಗೆದಾಗ 14ನೇ ಅಧ್ಯಾಯವನ್ನು ಬಿಡಬೇಡಿ.