ಮುಖ ಎಷ್ಟು ಕಪ್ಪಿರಬೇಕು?

ಶಹಾಬಾದದ ಹತ್ತಿರದ ಒಂದು ಫರಸಿ ಖಣಿಯಲ್ಲಿ ತೆಗೆದ ಫೋಟೊವನ್ನು ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ, ಅದರಲ್ಲಿದ್ದವರಿಗೇ ಕೊಡಲು ಹೋಗಿದ್ದೆ. ಅರವತ್ತು ದಾಟಿದ ಕಾಕಾ. ಉಳಿ, ಸುತ್ತಿಗೆ ಬದಿಗಿಟ್ಟರು, ಟವೆಲಿಗೆ ಕೈ ಒರೆಸಿಕೊಂಡರು, ಪ್ರಿಂಟನ್ನು ಬಿಸಿಲಿಗೆ ಹಿಡಿದು ನೋಡಿದರು. ‘ಕಲ್ಲು ಛಲೋ ಬಂದದ ನೋಡು ತಮ್ಮಾ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಖರೆ, ಈ ಮನಷ್ಯಾ ಯಾರು? ನಾ ಇಷ್ಟು ಬೆಳ್ಳಗ ಯಾವಾಗ ಇದ್ದೆ?’ ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಕಲಬುರಗಿಗೆ ವಾಪಸು ಬಂದು ಫೈಲ್ ತೆರೆದಾಗ ಮಾತ್ರ ನಗು ಬರಲಿಲ್ಲ.

ನಾನು ಆ ಫೋಟೊಕ್ಕೆ ಮಾಡಿದ್ದು ಬಹಳ ಜನ ಮಾಡುವ ಕೆಲಸವನ್ನೇ. ಸಾಫ್ಟ್‌ವೇರಿನಲ್ಲಿ ಕಪ್ಪುಬಿಳುಪು ಒತ್ತಿ, ಮುಖ ‘ಚೆನ್ನಾಗಿ’ ಕಾಣಲಿ ಎಂದು ಕೆಂಪು ಬಣ್ಣದ ಸ್ಲೈಡರನ್ನು ಬಲಕ್ಕೆ ಎಳೆದಿದ್ದೆ. ಬಣ್ಣ ತೆಗೆದರೆ ಕಪ್ಪುಬಿಳುಪು ಉಳಿಯುತ್ತದೆ ಎನ್ನುವುದು ನಮ್ಮ ಸಾಮಾನ್ಯ ನಂಬಿಕೆ. ಆದರೆ ಡಿಜಿಟಲ್ ಕ್ಯಾಮೆರಾದ ಫೈಲಿನಲ್ಲಿ ಕಪ್ಪುಬಿಳುಪು ಎನ್ನುವುದು ಮೊದಲೇ ಎಲ್ಲೂ ಕೂತಿರುವುದಿಲ್ಲ. ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಗಾಜು. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ನೀಲಿಗೆ ಸಮಪಾಲು. ಕೊನೆಗೆ ಚಿತ್ರದ ಪ್ರತಿ ಚುಕ್ಕೆಗೂ ಮೂರು ಸಂಖ್ಯೆ ಸಿಗುತ್ತವೆ. ಮೂರನ್ನು ಒಂದು ಬೂದು ಮಾಡಬೇಕಾದರೆ ಯಾವುದಕ್ಕೆ ಎಷ್ಟು ತೂಕ ಎಂದು ಯಾರಾದರೂ ನಿರ್ಧರಿಸಬೇಕು. ಹಳೆಯ ಟಿ.ವಿ. ತಂತ್ರಜ್ಞಾನದಿಂದ ಬಂದ ಒಂದು ಲೆಕ್ಕ ಇದೆ: ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11. ನಾವು ನಿರ್ಧರಿಸದಿದ್ದರೆ ಇಂಥ ಯಾವುದೋ ಒಂದು ಲೆಕ್ಕ ನಮ್ಮ ಪರವಾಗಿ ನಿರ್ಧರಿಸಿರುತ್ತದೆ.

ಕಾಕಾನ ಕೆನ್ನೆಯ ಮೇಲೆ ಕರ್ಸರ್ ಇಟ್ಟೆ: ಕೆಂಪು 142, ಹಸಿರು 98, ನೀಲಿ 76. ಅವರ ಹಿಂದಿನ ಕಲ್ಲಿನ ಮೇಲೆ ಇಟ್ಟೆ: 138, 137, 135. ಇಲ್ಲಿದೆ ಗುಟ್ಟು. ಧೂಳು ಹೊತ್ತ ಆ ಬೂದು ಫರಸಿಗೆ ಬಣ್ಣ ಇಲ್ಲವೇ ಇಲ್ಲ ಎನ್ನಬಹುದು. ನೀವು ಕೆಂಪು ಹಿಡಿಯಿರಿ, ನೀಲಿ ಹಿಡಿಯಿರಿ, ಅದು ಅಷ್ಟೇ ಬೂದು. ಹಲುಗುವುದು ಮನುಷ್ಯನ ಮುಖ ಮಾತ್ರ. ಕೆಂಪನ್ನಷ್ಟೇ ಹಿಡಿದರೆ ಮುಖ 142, ಅಂದರೆ ಕಲ್ಲಿಗಿಂತ ಬೆಳ್ಳಗೆ. ರೂಢಿಯ ಲೆಕ್ಕದಲ್ಲಿ 109, ಕಲ್ಲಿಗಿಂತ ಕಪ್ಪು. ನೀಲಿಯನ್ನಷ್ಟೇ ಹಿಡಿದರೆ 76, ಕಲ್ಲಿನ ಹತ್ತಿರಹತ್ತಿರ ಅರ್ಧ. ಒಬ್ಬನೇ ಮನುಷ್ಯ, ಒಂದೇ ಮಧ್ಯಾಹ್ನ, ಒಂದೇ ಕ್ಲಿಕ್. ‘ಕಲ್ಲು ಛಲೋ ಬಂದದ, ಈ ಮನಷ್ಯಾ ಯಾರು’ ಎಂದ ಕಾಕಾ ನನ್ನ ಪ್ರಿಂಟಿನ ಮೇಲೆ ಬರೆಯಬಹುದಾದ ಅತ್ಯಂತ ನಿಖರ ವಿಮರ್ಶೆಯನ್ನು ಎರಡು ಸಾಲಿನಲ್ಲಿ ಮುಗಿಸಿದ್ದರು.

ಡಿಜಿಟಲ್ ಬಂದು ಸತ್ಯ ಕೆಡಿಸಿತು ಎಂದು ಇದನ್ನು ಓದಬಾರದು. ಈ ಭಾಗವೆಲ್ಲ ನಿಜಾಮನ ಸಂಸ್ಥಾನವಾಗಿದ್ದಾಗ ಆರನೇ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕನಾಗಿದ್ದವನು ರಾಜಾ ದೀನ್ ದಯಾಳ್ (1844–1905). ಅವನ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಆಕಾಶ ಬಿಳಿ ಹಾಳೆ, ಮುಖ ಇದ್ದುದಕ್ಕಿಂತ ಕಪ್ಪು. ನಮ್ಮ ಮುತ್ತಜ್ಜಂದಿರ ಕಾಲದ ಜನ ಅಷ್ಟು ಗಂಭೀರವಾಗಿ, ಕೆತ್ತಿಟ್ಟ ಹಾಗೆ ಕಾಣುವುದರಲ್ಲಿ ಪ್ಲೇಟಿನ ರಸಾಯನದ ಪಾಲೂ ಇದೆ. ಎಲ್ಲ ಬಣ್ಣಗಳನ್ನೂ ನೋಡಬಲ್ಲ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು ಅವನು ತೀರಿಕೊಂಡ ಮರುವರ್ಷ, 1906ರಲ್ಲಿ. ಆಮೇಲಿನ ಊರೂರ ಸ್ಟುಡಿಯೋಗಳು ಇನ್ನೊಂದು ದಿಕ್ಕಿಗೆ ಹೋದವು. ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮೆತ್ತಗೆ ತೀಡಿದರೆ ಆ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ವರನ ಕಡೆಗೆ ಕಳಿಸುವ ಫೋಟೊಗಳಲ್ಲಿ ಎಷ್ಟು ಕೆನ್ನೆಗಳು ಹೀಗೆ ಬೆಳಗಿದವೋ! ನನ್ನ ಕೆಂಪು ಸ್ಲೈಡರ್ ಆ ಸೀಸದ ಕಡ್ಡಿಯ ಮೊಮ್ಮಗ. ಒಂದೇ ವ್ಯತ್ಯಾಸವೆಂದರೆ ಸ್ಟುಡಿಯೋದವರಿಗೆ ತಾವೇನು ಮಾಡುತ್ತಿದ್ದೇವೆ ಎಂದು ಗೊತ್ತಿತ್ತು.

ದುಡಿಯುವವರ ಕಪ್ಪುಬಿಳುಪು ಚಿತ್ರ ಎಂದ ಕೂಡಲೇ ಎದುರು ನಿಲ್ಲುವುದು ಸೆಬಾಸ್ಟಿಯಾವೊ ಸಾಲ್ಗಾಡೊ. 1993ರ ‘ವರ್ಕರ್ಸ್’ ಪುಸ್ತಕದಲ್ಲಿ ಬ್ರೆಜಿಲಿನ ಚಿನ್ನದ ಗಣಿಯೂ ಇದೆ, ನಮ್ಮ ಧನಬಾದಿನ ಕಲ್ಲಿದ್ದಲೂ ಇದೆ. ಬೆವರು, ಮಸಿ, ಮಣ್ಣು ಮೆತ್ತಿದ ಮೈಗಳು ಅಲ್ಲಿ ಪುರಾಣದ ಪಾತ್ರಗಳ ಹಾಗೆ ಹೊಳೆಯುತ್ತವೆ. ಕಷ್ಟವನ್ನು ಇಷ್ಟು ಸುಂದರ ಮಾಡಬಹುದೇ ಎಂದು ಇಂಗ್ರಿಡ್ ಸಿಶಿ 1991ರಲ್ಲೇ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಆ ತಕರಾರಿನಲ್ಲಿ ಹುರುಳಿದೆ. ಆದರೆ ನನಗೆ ಅವನ ವಿಷಯದಲ್ಲಿ ಮುಖ್ಯವಾಗಿ ಕಾಣುವುದು ಬೇರೆ. 2008ರ ಸುಮಾರಿಗೆ, ‘ಜೆನೆಸಿಸ್’ ಸರಣಿಯ ನಡುವೆ, ಅವನು ಫಿಲ್ಮ್ ಬಿಟ್ಟು ಡಿಜಿಟಲ್ಲಿಗೆ ಬಂದ. ಬಂದರೂ ಪ್ರಿಂಟಿನ ಹಟ ಬಿಡಲಿಲ್ಲ. ಡಿಜಿಟಲ್ ಫೈಲಿನಿಂದ ಮತ್ತೆ ದೊಡ್ಡ ನೆಗೆಟಿವ್ ಮಾಡಿಸಿ, ಅದರಿಂದ ಬೆಳ್ಳಿಯ ಲವಣದ ಕಾಗದದ ಮೇಲೆ ಡಾರ್ಕ್‌ರೂಮಿನಲ್ಲೇ ಪ್ರಿಂಟ್ ತೆಗೆಸುತ್ತಿದ್ದ. ಫೈಲ್ ಎನ್ನುವುದು ಅವನಿಗೆ ಚಿತ್ರ ಆಗಿರಲಿಲ್ಲ, ಚಿತ್ರಕ್ಕೆ ಬೇಕಾದ ಸಾಮಾನು ಆಗಿತ್ತು.

ನಮ್ಮಲ್ಲಿ ಈಗ ಸಾಲ್ಗಾಡೊನ ಹೊಳಪನ್ನು ಮಾತ್ರ ತೆಗೆದುಕೊಂಡಿದ್ದೇವೆ. ಮೊಬೈಲಿನಲ್ಲಿ ಹರಿದಾಡುವ ‘ಶ್ರಮಜೀವಿ’ ಚಿತ್ರಗಳನ್ನು ನೋಡಿ: ನೀಲಿಯನ್ನು ಹೆಚ್ಚಿಸಿ ಚರ್ಮ ಕಪ್ಪಾಗಿಸಿರುತ್ತಾರೆ, ಮೇಲೆ ಕ್ಲಾರಿಟಿ ಸ್ಲೈಡರ್ ಎಳೆದು ಒಂದೊಂದು ಸುಕ್ಕನ್ನೂ ಕೊರೆದಿರುತ್ತಾರೆ. ನಲವತ್ತರ ಹೆಂಗಸು ಎಪ್ಪತ್ತರವಳಾಗುತ್ತಾಳೆ. ನಾನು ಕಾಕಾನನ್ನು ಬೆಳ್ಳಗೆ ಮಾಡಿದ್ದು ಒಂದು ಅವಮಾನವಾದರೆ ಇದು ಅದರ ಇನ್ನೊಂದು ಮಗ್ಗಲು. ಒಂದರಲ್ಲಿ ಅವರು ನಮ್ಮಂತಾಗಬೇಕು, ಇನ್ನೊಂದರಲ್ಲಿ ಅವರು ನಮಗೆ ಮರುಕ ಹುಟ್ಟಿಸಬೇಕು.

ಹಾಗಿದ್ದರೆ ಬಣ್ಣದಲ್ಲೇ ಬಿಡಬಾರದೇ? ರಘುವೀರ್ ಸಿಂಗ್ 1998ರ ‘ರಿವರ್ ಆಫ್ ಕಲರ್’ ಪುಸ್ತಕದ ಮುನ್ನುಡಿಯಲ್ಲಿ ಇದನ್ನೇ ವಾದಿಸಿದ. ಕಪ್ಪುಬಿಳುಪು ಪಶ್ಚಿಮದ ಒಂಟಿತನದ, ತಳಮಳದ ಭಾಷೆ, ಭಾರತ ಬಣ್ಣದಲ್ಲೇ ಯೋಚಿಸುತ್ತದೆ ಎನ್ನುವುದು ಆ ವಾದದ ಸಾರ. ಬನಾರಸಿನಲ್ಲಿ, ರಾಜಸ್ಥಾನದಲ್ಲಿ ನಿಂತು ಹಾಗೆನ್ನುವುದು ಸುಲಭ. ಅವನು ಏಪ್ರಿಲ್ ತಿಂಗಳಲ್ಲಿ ಶಹಾಬಾದದಿಂದ ವಾಡಿಯವರೆಗೆ ಒಮ್ಮೆ ಬಸ್ಸಿನಲ್ಲಿ ಬಂದಿದ್ದರೆ ಏನೆನ್ನುತ್ತಿದ್ದನೋ. ಸಿಮೆಂಟಿನ ಧೂಳು ಕೂತ ಬೇವಿನ ಮರ, ಪಾಲಿಶ್ ಮಷಿನ್ನಿನಿಂದ ಹರಿದು ಒಣಗಿದ ಬಿಳಿ ರಾಡಿ, ಬೂದು ಚಪ್ಪಡಿಗಳ ಗೋಡೆ, ಅದೇ ಚಪ್ಪಡಿಗಳ ಮಾಳಿಗೆ. ಈ ಊರು ಅರ್ಧ ತಾನೇ ಕಪ್ಪುಬಿಳುಪಾಗಿದೆ. ಇಲ್ಲಿ ಉಳಿದಿರುವ ಬಣ್ಣವೆಂದರೆ ಸೀರೆ, ಟವೆಲ್ ಮತ್ತು ಚರ್ಮ. ಅದಕ್ಕೇ ಇಲ್ಲಿ ಬಣ್ಣ ತೆಗೆದಾಗ ಕಲ್ಲಿಗೆ ಏನೂ ಆಗುವುದಿಲ್ಲ, ಜನರಿಗೆ ಆಗುತ್ತದೆ.

ಇನ್ನು ಕಾಗದದ ಮಾತು. ನನ್ನ ಮೊದಲ ಪ್ರಿಂಟ್ ಹಾಕಿಸಿದ್ದು ಮದುವೆ ಆಲ್ಬಮ್ ಮಾಡುವ ಒಂದು ಲ್ಯಾಬಿನಲ್ಲಿ. ಮುಖ ಬೆಳ್ಳಗಾದದ್ದಲ್ಲದೆ ನೆರಳುಗಳಲ್ಲಿ ಒಂದು ಹಸಿರು ಛಾಯೆ ಬಂದಿತ್ತು. ಮುಖದ ತಪ್ಪು ನನ್ನದು, ಹಸಿರು ಆ ಕಾಗದದ್ದು. ಇಂಥ ಲ್ಯಾಬುಗಳ ಕಾಗದ ಬಣ್ಣದ ಕಾಗದ. ಅದರಲ್ಲಿ ಬೂದು ಎನ್ನುವುದು ಸಯಾನ್, ಮೆಜೆಂಟಾ, ಹಳದಿ ಮೂರೂ ಸರಿಸಮ ಬಿದ್ದರಷ್ಟೇ ಹುಟ್ಟುತ್ತದೆ. ರಸಾಯನ ಸ್ವಲ್ಪ ಹಳತಾದರೂ ಸಾಕು, ಒಂದು ಬಣ್ಣ ತಲೆ ಎತ್ತುತ್ತದೆ. ಬಣ್ಣದ ಫೋಟೊದಲ್ಲಿ ಅದು ಯಾರ ಕಣ್ಣಿಗೂ ಬೀಳದು, ಕಪ್ಪುಬಿಳುಪಿನಲ್ಲಿ ಅವಿತುಕೊಳ್ಳಲು ಜಾಗವಿಲ್ಲ. ಒಳ್ಳೆಯ ಪಿಗ್ಮೆಂಟ್ ಇಂಕಿನ ಪ್ರಿಂಟರುಗಳಲ್ಲಿ ಕಪ್ಪಿನ ಜೊತೆಗೆ ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಎಂದು ಬೇರೆಬೇರೆ ಶಾಯಿ ಇರುವುದು ಇದಕ್ಕಾಗಿ. ಆಗ ಬೂದಿಗಾಗಿ ಬಣ್ಣಗಳ ಕೈಕಾಲು ಹಿಡಿಯುವ ಕೆಲಸ ಬಹುಪಾಲು ತಪ್ಪುತ್ತದೆ. ಮೆಗಾಪಿಕ್ಸೆಲ್ ಬಗ್ಗೆ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. 6000 × 4000 ಪಿಕ್ಸೆಲಿನ ಮಾಮೂಲಿ ಫೈಲು ಇಂಚಿಗೆ 300ರಂತೆ 20 × 13 ಇಂಚಿಗೆ ಸಾಕು.

ನಿಜವಾದ ಪ್ರಶ್ನೆ ಕಪ್ಪು ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದು. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಮನೆಯ ಅಂಗಳ. ಒಣಗಿದ ಫರಸಿ ಬೂದಿಯ ಹಾಗೆ ಮಂಕು. ಮುಂಜಾನೆ ಅವ್ವ ನೀರು ಹೊಡೆದ ಕೂಡಲೇ ಅದೇ ಕಲ್ಲು ನೀಲಿಗಪ್ಪಾಗುತ್ತದೆ, ಒಳಗಿನ ಗೆರೆಗಳೆಲ್ಲ ಎದ್ದು ಬರುತ್ತವೆ. ನೀರು ಕಲ್ಲಿಗೆ ಬಣ್ಣ ಹಚ್ಚುವುದಿಲ್ಲ. ಒರಟು ಮೈಯ ಮೇಲೆ ಬಿದ್ದು ಎಲ್ಲೆಂದರಲ್ಲಿ ಚದುರುತ್ತಿದ್ದ ಬೆಳಕು ನೀರಿನ ಪದರದಿಂದಾಗಿ ಕಡಿಮೆ ಚದುರುತ್ತದೆ, ಅಷ್ಟೆ. ಪಾಲಿಶ್ ಹಿಡಿದ ಫರಸಿ ಗಾಢವಾಗಿ ಕಾಣುವುದೂ ಇದರಿಂದಲೇ. ಕಾಗದಕ್ಕೂ ಇದೇ ನಿಯಮ. ಮ್ಯಾಟ್ ಕಾಗದದ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6, ಅಂದರೆ ಆ ಕಪ್ಪು ಕೂಡ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ನುಣುಪು ಬರೈಟಾ ಕಾಗದದಲ್ಲಿ ಅದು 2.2 ಮುಟ್ಟಬಲ್ಲದು. ಆಗ ಮರಳುವುದು ಅದರ ಕಾಲುಭಾಗ.

ಮುಖ ಕಪ್ಪಿರುವವರ ಚಿತ್ರಕ್ಕೆ ಈ ಕಾಲುಭಾಗ ಸಣ್ಣ ಸಂಗತಿಯಲ್ಲ. ಮಂಕು ಕಾಗದದಲ್ಲಿ ಕಣ್ಣಿನ ಗುಳಿ, ಮೀಸೆ, ಕತ್ತಿನ ನೆರಳು ಎಲ್ಲ ಒಂದೇ ಮುದ್ದೆಯಾಗುತ್ತವೆ. ಆಗ ಮುದ್ದೆ ಬಿಡಿಸಲು ಮುಖವನ್ನು ಬೆಳಗಿಸುತ್ತೇವೆ, ‘ವಿವರ ಬೇಕಲ್ಲ’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಕಪ್ಪಿನೊಳಗೇ ನಾಲ್ಕಾರು ಮೆಟ್ಟಿಲು ಸಿಕ್ಕರೆ ಬೆಳಗಿಸುವ ಜರೂರತ್ತೇ ಇರುವುದಿಲ್ಲ. ಒಳ್ಳೆಯ ಪ್ರಿಂಟ್ ಎಂದರೆ ನನ್ನ ಮಟ್ಟಿಗೆ ಇದು: ಕಪ್ಪನ್ನು ಕಪ್ಪಾಗಿಯೇ ಇಟ್ಟು ಅದರೊಳಗೆ ನೋಡಲು ಬಿಡುವ ಪ್ರಿಂಟ್.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗ ನನಗೆ ಮೊದಲು ಹೊಳೆದದ್ದೂ ಇದೇ. ಆ ಕಪ್ಪುಬಿಳುಪನ್ನು ಹಿಡಿದ ಛಾಯಾಗ್ರಾಹಕ ಎಸ್. ರಾಮಚಂದ್ರ ಈಗ ಇಲ್ಲ. ಫಿಲ್ಮನ್ನು ಡಿಜಿಟಲ್ಲಿಗೆ ತರುವಾಗ ಇರುಳಿನ ಆ ಮನೆ ಎಷ್ಟು ಕತ್ತಲಾಗಿರಬೇಕು ಎಂದು ಮತ್ತೊಬ್ಬರು ಪ್ರತಿ ಶಾಟಿನಲ್ಲೂ ತೀರ್ಮಾನಿಸಬೇಕು. ಎಲ್ಲವೂ ಕಾಣಲಿ ಎನ್ನುವ ಆಸೆ ಅಲ್ಲಿಯೂ ಕೈ ಜಗ್ಗುತ್ತದೆ. ಯಮುನಕ್ಕನ ಕಥೆಯಲ್ಲಿ ಎಲ್ಲವೂ ಕಂಡುಬಿಟ್ಟರೆ ಉಳಿಯುವುದೇನು?

ಆಮೇಲೆ ಬೆಂಗಳೂರಿನ ಗೆಳೆಯನೊಬ್ಬನ ಪ್ರಿಂಟರಿನಲ್ಲಿ ಬರೈಟಾ ಕಾಗದದ ಮೇಲೆ ಕಾಕಾನ ಮೂರು ಪ್ರಿಂಟ್ ತೆಗೆದೆವು. ಕಲ್ಲು ಮೂರರಲ್ಲೂ ಒಂದೇ. ಮುಖ ಮಾತ್ರ ಒಂದರಲ್ಲಿ ಕೆಂಪಿನ ಲೆಕ್ಕ, ಒಂದರಲ್ಲಿ ನೀಲಿಯ ಲೆಕ್ಕ, ಇನ್ನೊಂದರಲ್ಲಿ ಹಸಿರಿಗೆ ಹೆಚ್ಚು ತೂಕ ಕೊಟ್ಟ, ನನ್ನ ಕಣ್ಣಿಗೆ ಸರಿ ಎನಿಸಿದ ಲೆಕ್ಕ. ಮಾನಿಟರ್ ತಾನೇ ಬೆಳಕು ಉಗುಳುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಕೊಡುತ್ತದೆ. ಹೀಗಾಗಿ ನಾಲ್ಕು ಸಲ ಕಾಗದ ಹಾಳಾಯಿತು. ಮೂರನ್ನೂ ಹಿಡಿದು ಮತ್ತೆ ಶಹಾಬಾದಕ್ಕೆ ಹೋದೆ.

ಅವತ್ತು ಖಣಿಗೆ ರಜೆ, ಕಾಕಾ ಮನೆಯಲ್ಲಿದ್ದರು. ಮೂರನ್ನೂ ಹೊಸ್ತಿಲ ಹೊರಗಿನ ಫರಸಿಯ ಮೇಲೆ ಸಾಲಾಗಿ ಇಟ್ಟೆ. ನೀಲಿಯ ಲೆಕ್ಕದ್ದನ್ನು ನೋಡಿ, ‘ಇವ ನಮ್ಮ ಅಪ್ಪನಂಗ ಕಾಣ್ತಾನ’ ಅಂದರು. ಹಸಿರಿನದ್ದರ ಮೇಲೆ ಬೆರಳಿಟ್ಟು, ‘ಇವ ನಾ’ ಅಂದರು. ನನಗೆ ಪ್ರಬಂಧದ ಒಂದು ಅಧ್ಯಾಯ ಒಪ್ಪಿಗೆಯಾದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಒಳಗಿನಿಂದ ಕಾಕು ಚಹಾ ತಂದರು. ಪ್ರಿಂಟುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಬೆಳ್ಳಗಿದ್ದುದನ್ನು ಸೆರಗಿನಿಂದ ಒರೆಸಿದರು. ‘ಇದನ್ನ ಕಟ್ಟು ಹಾಕಿಸಿ ಗ್ವಾಡಿಗಿ ಹಚ್ಚಮು. ಬೀಗರು ಬರೋರಿದ್ದಾರ.’ ಕಾಕಾ ನನ್ನ ಮುಖ ನೋಡಿದರು, ನಾನು ಕಾಕಾನ ಮುಖ ನೋಡಿದೆ. ಉಳಿದ ಎರಡನ್ನು ಕಾಕು ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟರು.